ಪರೀಕ್ಷಾ ಪಟ್ಟಿಗಳಲ್ಲಿ ಚಿನ್ನದ ಬದಲು ಕಾಂತೀಯ ನ್ಯಾನೊಕಣಗಳನ್ನು ಬಳಸುವುದೇಕೆ?

ಗರ್ಭಪರೀಕ್ಷೆಯಂಥ ಪಟ್ಟಿಗಳಲ್ಲಿ ಮೂಡುವ ಕೆಂಪು ಗೆರೆ ಸಾಮಾನ್ಯವಾಗಿ ಪ್ರತಿಕಾಯ (ಪತ್ತೆಹಚ್ಚಬೇಕಾದ ವಸ್ತುವನ್ನು ಹಿಡಿಯುವ ಪ್ರೋಟೀನ್) ಲೇಪಿತ ಚಿನ್ನದ ನ್ಯಾನೊಕಣಗಳದ್ದು; ಆದರೆ ಕಣ್ಣಿಗೆ ಕಾಣುವುದು ಬಹುಪಾಲು ಪಟ್ಟಿಯಲ್ಲಿ ದ್ರವ ಹರಿಯುವ ನೈಟ್ರೋಸೆಲ್ಯುಲೋಸ್ ಪೊರೆಯ ಮೇಲ್ಪದರದ ಕಣಗಳಷ್ಟೇ. ಚಿನ್ನದ ಬದಲು ಕಾಂತೀಯವಾದ ಐರನ್ ಆಕ್ಸೈಡ್ ಕಣಗಳಿಗೆ ಪ್ರತಿಕಾಯ ಜೋಡಿಸಿದರೆ, ಕಾಂತೀಯ ಸಂವೇದಕವು ಪೊರೆಯ ಒಳಗೆ ಹುದುಗಿದ ಕಣಗಳನ್ನೂ ಅಳೆಯುತ್ತದೆ. ರಕ್ತ, ಮೂತ್ರಗಳ ಸಹಜ ಕಾಂತೀಯತೆ ಅತ್ಯಲ್ಪವಾದ್ದರಿಂದ ಹಿನ್ನೆಲೆಯ ಅಡಚಣೆಯೂ ಕಡಿಮೆ. ನನ್ನ ದೃಷ್ಟಿಯಲ್ಲಿ ಇದಕ್ಕಿಂತ ದೊಡ್ಡ ಅನುಕೂಲವೆಂದರೆ, ಕಣಗಳನ್ನು ರಕ್ತ, ಮೂತ್ರದ ಮಾದರಿಯಲ್ಲಿ ಬೆರೆಸಿ, ಅವು ಹಿಡಿದ ಪ್ರತಿಜನಕದ (ಪತ್ತೆಹಚ್ಚಬೇಕಾದ ವಸ್ತುವಿನ) ಸಮೇತ ಅಯಸ್ಕಾಂತದಿಂದ ಸೆಳೆದು, ಅಲ್ಪ ದ್ರವದಲ್ಲಿ ಸಾಂದ್ರಗೊಳಿಸಿದ ನಂತರ ಪಟ್ಟಿಗೆ ಹಾಕಬಹುದು. ಸುಮಾರು 20 ನ್ಯಾನೊಮೀಟರಿಗಿಂತ ಸಣ್ಣ ಕಣಗಳು ಅಯಸ್ಕಾಂತವನ್ನು ತೆಗೆದೊಡನೆ ಕಾಂತತ್ವವನ್ನು ಕಳೆದುಕೊಳ್ಳುತ್ತವೆ. ಹಾಗಾಗಿ ಒಂದಕ್ಕೊಂದು ಅಂಟಿ ಗಂಟುಕಟ್ಟುವ ಸಂಭವ ಕಡಿಮೆ. ಇವುಗಳ ಕಂದು ಗೆರೆ ಚಿನ್ನದ ಕೆಂಪಿನಷ್ಟು ಎದ್ದು ಕಾಣದು, ಕಾಂತೀಯ ಅಳತೆಗೆ ಪ್ರತ್ಯೇಕ ರೀಡರ್ ಬೇಕು; ಹೌದು-ಇಲ್ಲ ಎಂಬ ಉತ್ತರವಷ್ಟೇ ಸಾಕಾದಲ್ಲಿ ಈ ವೆಚ್ಚಕ್ಕೆ ಅರ್ಥವಿಲ್ಲ.