ಗುಲ್ಮಾರ್ಗ್‌ಗೆ ಒಬ್ಬಳೇ ಹೊರಡಬಹುದೇ?

ಪ್ರಶ್ನೆ: ನನಗೆ 41 ವರ್ಷ, ಬ್ಯಾಂಕ್ ಉದ್ಯೋಗಿ. ಬರುವ ಫೆಬ್ರುವರಿಯಲ್ಲಿ ಕಾಶ್ಮೀರದ ಗುಲ್ಮಾರ್ಗ್‌ಗೆ ಹೋಗಿ ಸ್ಕೀಯಿಂಗ್ ಕಲಿಯೋಣವೆಂದು ಗೆಳತಿಯರು ಸೇರಿ ನಿಶ್ಚಯಿಸಿದ್ದೆವು. ಈಗ ಒಬ್ಬೊಬ್ಬರಾಗಿ ಎಲ್ಲರೂ ಹಿಂದೆ ಸರಿದಿದ್ದಾರೆ. ನಾನು ಹಿಮವನ್ನು ಇದುವರೆಗೆ ಕಣ್ಣಾರೆ ಕಂಡವಳಲ್ಲ. ಒಬ್ಬಳೇ ಹೋದರೆ ಅಪಾಯವೇ? ಈ ವಯಸ್ಸಿನಲ್ಲಿ ಕಲಿಯಲು ಸಾಧ್ಯವೇ? ಸದಾ ಗಿಜಿಗುಡುವ ತಾಣವೆಂದು ಕೇಳಿದ್ದೇನೆ. ಅಷ್ಟು ಜನರ ನಡುವೆ ಒಂಟಿಯಾಗಿ ಕೂರುವುದು ಬೇಸರವೆನಿಸದೇ?
– ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ

ಉತ್ತರ: ಖಂಡಿತ ಹೋಗಿ ಬನ್ನಿ. ಆದರೆ ಪ್ರಯಾಣದಲ್ಲಿ ಒಬ್ಬರೇ ಇರುವುದು ಬೇರೆ, ಪರ್ವತದ ಇಳಿಜಾರಿನಲ್ಲಿ ಒಬ್ಬರೇ ಇರುವುದು ಬೇರೆ. ಮೊದಲನೆಯದಕ್ಕೆ ಅಂಜಬೇಕಾಗಿಲ್ಲ, ಎರಡನೆಯದನ್ನು ಮಾತ್ರ ಯಾವ ಕಾರಣಕ್ಕೂ ಮಾಡಬೇಡಿ.

ಗುಲ್ಮಾರ್ಗ್ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಎಂದರೆ ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತಲೂ ಏಳುನೂರು ಮೀಟರ್ ಮೇಲೆ. ಅಲ್ಲಿಂದ ಗೊಂಡೋಲಾ ಎಂಬ ರೋಪ್‌ವೇ ಎರಡು ಹಂತಗಳಲ್ಲಿ ಏರುತ್ತದೆ. ಮೊದಲ ಹಂತ ಕೊಂಗ್‌ಡೂರಿಯಲ್ಲಿ ನಿಲ್ಲುತ್ತದೆ. ಎರಡನೆಯದು 3,900 ಮೀಟರ್ ದಾಟಿ ಅಫರ್ವಾತ್ ಪರ್ವತದ ಹೆಗಲಿಗೆ ಮುಟ್ಟಿಸುತ್ತದೆ. ನುರಿತ ಸ್ಕೀಯರ್‌ಗಳು ದೇಶವಿದೇಶಗಳಿಂದ ಬರುವುದು ಈ ಎರಡನೆಯ ಹಂತದ ಆಚೆಗಿರುವ, ಯಂತ್ರದಿಂದ ಹದಗೊಳಿಸದ ಮೆತ್ತನೆಯ ಹಿಮಕ್ಕಾಗಿ. 2023ರ ಫೆಬ್ರುವರಿಯಲ್ಲಿ ಅಲ್ಲಿಯೇ ಹಿಮಕುಸಿತಕ್ಕೆ ಸಿಕ್ಕಿ ಪೋಲೆಂಡ್‌ನ ಇಬ್ಬರು ಪ್ರಾಣ ಕಳೆದುಕೊಂಡರು. ಕಲಿಯುವವರಿಗೆ ಅಲ್ಲಿ ಕೆಲಸವಿಲ್ಲ. ನೋಟಕ್ಕಾಗಿ ಹೋಗಲೇಬೇಕೆನಿಸಿದರೆ, ಬಂದು ಎರಡು ಮೂರು ದಿನ ಕಳೆದು ದೇಹ ಎತ್ತರಕ್ಕೆ ಒಗ್ಗಿದ ಮೇಲೆ ಗೊಂಡೋಲಾದಲ್ಲಿಯೇ ಏರಿ ಗೊಂಡೋಲಾದಲ್ಲಿಯೇ ಇಳಿಯಿರಿ. ತಲೆನೋವೋ ವಾಕರಿಕೆಯೋ ಕಾಣಿಸಿಕೊಂಡರೆ ತಡಮಾಡದೆ ಕೆಳಗೆ ಬನ್ನಿ.

ನಿಮ್ಮ ಪಾಠಶಾಲೆ ಊರಿನ ಬಯಲಿನಂಚಿನಲ್ಲಿರುವ ಇಳುಕಲು ದಿಬ್ಬಗಳು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯಕ್ಕೆ ಸೇರಿದ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆಯೊಂದು ಗುಲ್ಮಾರ್ಗ್‌ನಲ್ಲಿಯೇ ಇದ್ದು, ಅಲ್ಲಿ ತಂಡವಾಗಿ ಕಲಿಸುತ್ತಾರೆ. ಖಾಸಗಿ ಶಿಕ್ಷಕರೂ ಬೇಕಾದಷ್ಟು ಸಿಗುತ್ತಾರೆ. ಆದರೂ ಒಬ್ಬರೇ ಹೋಗುವವರು ತಂಡದ ತರಗತಿಯನ್ನೇ ಆರಿಸಿಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಬೆಳಿಗ್ಗೆ ಒಟ್ಟಿಗೆ ಬಿದ್ದು ಎದ್ದವರು ಸಂಜೆ ಕಹ್ವಾ ಕುಡಿಯುವಾಗ ತಾವಾಗಿಯೇ ಒಂದೇ ಮೇಜಿಗೆ ಬಂದು ಕೂರುತ್ತಾರೆ. ನಿಮ್ಮ ಮೂರನೆಯ ಪ್ರಶ್ನೆಗೆ ಇದಕ್ಕಿಂತ ಬೇರೆ ಉತ್ತರ ನನಗೆ ತೋಚುತ್ತಿಲ್ಲ. ಊರಿನ ಗಲಾಟೆಯೆಲ್ಲ ಹೆಚ್ಚಾಗಿ ಹಗಲಿನದು: ಸ್ಲೆಡ್ಜ್ ಎಳೆಯುವವರು, ಬೂಟು ಬಾಡಿಗೆಗೆ ಕೊಡುವವರು, ಗೈಡುಗಳು ಬೆನ್ನು ಬಿಡುವುದಿಲ್ಲ. ಒಮ್ಮೆ ಗಟ್ಟಿಯಾಗಿ ಬೇಡವೆಂದು ಮುಂದೆ ನಡೆದುಬಿಡಿ.

ವಯಸ್ಸಿನ ಚಿಂತೆ ಬೇಡ, ಮಂಡಿಯ ಚಿಂತೆ ಇರಲಿ. ಮೊದಲ ದಿನ ಕಲಿಸುವುದು ಕಾಲಿಗೆ ಕಟ್ಟುವ ಉದ್ದನೆಯ ಹಲಗೆಗಳಾದ ಸ್ಕೀಗಳ ಮುಂತುದಿಗಳನ್ನು ಹತ್ತಿರ ತಂದು ಹಿಂತುದಿಗಳನ್ನು ಅಗಲಿಸಿ ವೇಗ ತಗ್ಗಿಸುವುದನ್ನು. ನನಗೆ ಅದಕ್ಕೆ ಒಂದೂವರೆ ದಿನ ಹಿಡಿಯಿತು; ಪಕ್ಕದಲ್ಲಿ ಎಂಟು ವರ್ಷದ ಹುಡುಗನೊಬ್ಬ ಅರ್ಧ ಗಂಟೆಯಲ್ಲಿ ಕಲಿತು ನನಗೂ ಹೇಳಿಕೊಡಲು ನಿಂತಿದ್ದ. ಬಿದ್ದರೆ ಸ್ಕೀ ಕಾಲಿನಿಂದ ತಾನೇ ಕಳಚಿಕೊಳ್ಳಬೇಕು. ಕಳಚದಿದ್ದರೆ ತಿರುಚುವ ಭಾರವೆಲ್ಲ ಮಂಡಿಯ ಅಸ್ಥಿರಜ್ಜುವಿನ ಮೇಲೆ ಬೀಳುತ್ತದೆ. ಬೂಟನ್ನು ಹಿಡಿದಿಡುವ ಬೈಂಡಿಂಗ್‌ನ ಬಿಗಿತವನ್ನು ತೂಕ, ಎತ್ತರ, ವಯಸ್ಸು, ಅನುಭವ ಮತ್ತು ಬೂಟಿನ ಅಡಿಯ ಉದ್ದವನ್ನು ನೋಡಿ ಹೊಂದಿಸಬೇಕಾಗುತ್ತದೆ. ಆದ್ದರಿಂದ ಬಾಡಿಗೆ ಅಂಗಡಿಯಲ್ಲಿ ಸಂಕೋಚಪಟ್ಟು ತೂಕ ಕಡಿಮೆ ಹೇಳಬೇಡಿ, ಮತ್ತು ಏನನ್ನೂ ಕೇಳದೆ ಸ್ಕೀ ಕೈಗಿತ್ತವರ ಅಂಗಡಿಯಿಂದ ಹೊರಬನ್ನಿ. ಹೆಲ್ಮೆಟ್ ಬೇಕೇ ಬೇಕು.

ಬಟ್ಟೆಯ ವಿಚಾರದಲ್ಲಿ ನಮ್ಮ ಕಡೆಯವರು ಮಾಡುವ ತಪ್ಪು ಜೀನ್ಸ್ ಮತ್ತು ಹತ್ತಿಯ ಬನಿಯನ್. ಎರಡೂ ಬೆವರನ್ನೂ ಹಿಮವನ್ನೂ ಹೀರಿ ಮೈಯನ್ನು ತಣ್ಣಗಾಗಿಸುತ್ತವೆ. ಒಳಗೆ ಉಣ್ಣೆ ಅಥವಾ ಪಾಲಿಯೆಸ್ಟರ್, ಹೊರಗೆ ನೀರು ತಡೆಯುವ ಉಡುಪು ಇರಲಿ. ದಾವಣಗೆರೆಯ ಬಿಸಿಲು ಕಂಡವರಿಗೆ ಹಿಮದ ಬಿಸಿಲು ಯಾವ ಲೆಕ್ಕ ಎನ್ನಬೇಡಿ: ಹೊಸ ಹಿಮ ಅತಿನೇರಳೆ ಕಿರಣಗಳ ಶೇ. 80ರಷ್ಟನ್ನು ಮೇಲಕ್ಕೆ ಪ್ರತಿಫಲಿಸಬಲ್ಲದು. ಸನ್‌ಸ್ಕ್ರೀನನ್ನು ಗಲ್ಲದ ಕೆಳಗೂ ಹಚ್ಚಿ. ಕಪ್ಪು ಕನ್ನಡಕವಿಲ್ಲದೆ ಹೊರಡಬೇಡಿ.

ಬೆಂಗಳೂರಿನಿಂದ ವಿಮಾನದಲ್ಲಿ ಶ್ರೀನಗರ, ಅಲ್ಲಿಂದ ಗುಲ್ಮಾರ್ಗ್ ಸುಮಾರು 50 ಕಿ.ಮೀ. ಹಿಮ ಬಿದ್ದಾಗ ಟಂಗ್‌ಮಾರ್ಗ್‌ನಿಂದ ಮೇಲಕ್ಕೆ ಚಕ್ರಗಳಿಗೆ ಸರಪಳಿ ಕಟ್ಟಿದ ವಾಹನಗಳನ್ನೋ ನಾಲ್ಕೂ ಚಕ್ರ ಎಳೆಯುವ ವಾಹನಗಳನ್ನೋ ಮಾತ್ರ ಬಿಡುತ್ತಾರೆ. ಮೋಡ ಕವಿದರೆ ವಿಮಾನ ರದ್ದಾಗುತ್ತದೆ, ಗಾಳಿ ಎದ್ದರೆ ಗೊಂಡೋಲಾ ನಿಲ್ಲುತ್ತದೆ. ಆದ್ದರಿಂದ ರಜೆಯಲ್ಲಿ ಎರಡು ದಿನ ಹೆಚ್ಚುವರಿಯಾಗಿಟ್ಟುಕೊಳ್ಳಿ. ಗೊಂಡೋಲಾ ಟಿಕೆಟನ್ನು ಆನ್‌ಲೈನ್‌ನಲ್ಲಿ ಮುಂಚಿತವಾಗಿ ಕಾದಿರಿಸಿ. ಬೇರೆ ರಾಜ್ಯಗಳ ಪ್ರೀಪೇಯ್ಡ್ ಸಿಮ್ ಅಲ್ಲಿ ಕೆಲಸ ಮಾಡುವುದಿಲ್ಲ, ಪೋಸ್ಟ್‌ಪೇಯ್ಡ್ ಮಾಡಿಸಿಕೊಳ್ಳಿ. ಪ್ರಯಾಣ ವಿಮೆಯಲ್ಲಿ ಸ್ಕೀಯಿಂಗ್ ಸೇರಿದೆಯೇ ಎಂಬುದನ್ನು ಷರತ್ತುಗಳ ಪುಟದಲ್ಲಿಯೇ ಓದಿ ನೋಡಿ. ಬ್ಯಾಂಕಿನವರಿಗೆ ಇದನ್ನು ನಾನು ಹೇಳಬೇಕಾಗಿಲ್ಲ.

ಸಿದ್ಧತೆ ಈಗಲೇ ಆರಂಭವಾಗಲಿ. ಸ್ಕೀಯಿಂಗ್‌ನಲ್ಲಿ ದಣಿಯುವುದು ತೊಡೆ, ಅದೂ ಮೈಭಾರವನ್ನು ತಡೆದು ಇಳಿಯುವಾಗ. ಭಾನುವಾರ ಬೆಳಿಗ್ಗೆ ಚಿತ್ರದುರ್ಗದ ಕೋಟೆಗೆ ಹೋಗಿ. ಹತ್ತುವಾಗ ನಿಮ್ಮಿಷ್ಟದಂತೆ ಹತ್ತಿ, ಇಳಿಯುವಾಗ ಮಂಡಿಯನ್ನು ತುಸು ಬಾಗಿಸಿ, ಗೋಡೆ ಹಿಡಿಯದೆ, ಮೆಟ್ಟಿಲು ಮೆಟ್ಟಿಲಾಗಿ ನಿಧಾನಕ್ಕೆ ಇಳಿಯಿರಿ. ಸೋಮವಾರ ಕುರ್ಚಿಯಿಂದ ಏಳುವಾಗ ತೊಡೆ ನೋಯದಿರುವಷ್ಟು ಅಭ್ಯಾಸವಾದ ಮೇಲೆ ಟಿಕೆಟ್ ಕಾದಿರಿಸಿ.