ಆಭಾ ನಂಬರ್ ಕೊಟ್ಟರೂ ಡಾಕ್ಟರಿಗೆ ನನ್ನ ಹಳೇ ರಿಪೋರ್ಟ್ ಯಾಕೆ ಕಾಣಲ್ಲ?

ಕೇಂದ್ರ ಸರ್ಕಾರದ ಡಿಜಿಟಲ್ ಆರೋಗ್ಯ ಯೋಜನೆಯ ಈ 14 ಅಂಕಿಯ ನಂಬರಿನೊಳಗೆ ರಿಪೋರ್ಟ್ ಇರುವುದೇ ಇಲ್ಲ, ಅದಕ್ಕೆ. ಅದು ಬರೀ ಗುರುತು. ರಕ್ತಪರೀಕ್ಷೆಯ ವಿವರ ಪರೀಕ್ಷೆ ಮಾಡಿದ ಲ್ಯಾಬಿನ ವ್ಯವಸ್ಥೆಯಲ್ಲೇ ಉಳಿದಿರುತ್ತದೆ. ಡಾಕ್ಟರು ನೋಡಬೇಕಾದರೆ ಆ ಲ್ಯಾಬು ರಿಪೋರ್ಟನ್ನು ನಿಮ್ಮ ಆಭಾಗೆ ಜೋಡಿಸಿರಬೇಕು. ಆಮೇಲೆ ಡಾಕ್ಟರ ಸಾಫ್ಟ್‌ವೇರಿನಿಂದ ಬರುವ ಕೋರಿಕೆಗೆ ನೀವು ನಿಮ್ಮ ಮೊಬೈಲಿನ ಆಭಾ ಆ್ಯಪ್‌ನಲ್ಲಿ ಒಪ್ಪಿಗೆ ಕೊಡಬೇಕು. ಯಾವ ಅವಧಿಯ ದಾಖಲೆ, ಎಷ್ಟು ದಿನ ನೋಡಬಹುದು ಅನ್ನುವುದನ್ನೂ ಅಲ್ಲೇ ಬದಲಿಸಬಹುದು.

ಗೊಂದಲ ಹುಟ್ಟುವುದು ಓಪಿಡಿ ಕೌಂಟರಿನ ಕ್ಯೂಆರ್ ಕೋಡಿನಿಂದ. ಅದನ್ನು ಸ್ಕ್ಯಾನ್ ಮಾಡಿದರೆ ಹೋಗುವುದು ಹೆಸರು, ವಯಸ್ಸು, ವಿಳಾಸದಂಥ ವಿವರ ಮಾತ್ರ. ಚೀಟಿ ಬೇಗ ಸಿಗುತ್ತದೆ, ಅಷ್ಟೇ.

ಜೋಡಣೆ ತಪ್ಪುವ ಕಾರಣಗಳೂ ಸಣ್ಣವೇ: ಲ್ಯಾಬಿನಲ್ಲಿ ಮಗನ ಮೊಬೈಲ್ ನಂಬರ್ ಬರೆಸಿರುತ್ತೀರಿ, ಅಥವಾ ಆಭಾದ ‘ಮಂಜುನಾಥ’ ರಶೀದಿಯಲ್ಲಿ ‘ಮಂಜಣ್ಣ’ ಆಗಿರುತ್ತಾನೆ. ಸ್ಯಾಂಪಲ್ ಕೊಡುವಾಗಲೇ ಆಭಾ ನಂಬರ್ ಹೇಳಿ. ಹಳೇ ಕಾಗದದ ರಿಪೋರ್ಟುಗಳನ್ನು ಫೋಟೋ ತೆಗೆದು ನೀವೇ ಆ್ಯಪ್‌ಗೆ ಹಾಕಿಕೊಳ್ಳಬೇಕು. ಕ್ಲಿನಿಕ್ಕಿನಲ್ಲಿ ಬರೀ ಪೆನ್ನು-ಪ್ಯಾಡ್ ಇದ್ದರೆ ಇದ್ಯಾವುದೂ ನಡೆಯದು. ಫೈಲು ಹಿಡಿದುಕೊಂಡೇ ಹೋಗಿ.