ಖರ್ಜೂರದ ಸಿರಪ್ ಹಾಕಿದ ಬಿಸ್ಕತ್ತು ಮೆತ್ತಗಾಗುವುದೇಕೆ?

ಪ್ರಶ್ನೆ: ರಾಗಿ ಬಿಸ್ಕತ್ತು ಮಾಡಿ ಅಂಗಡಿಗಳಿಗೆ ಕೊಡುತ್ತೇವೆ. ಸಕ್ಕರೆ ಪೂರ್ತಿ ಬಿಟ್ಟು ಖರ್ಜೂರದ ಸಿರಪ್ ಬಳಸಿದ ಮೇಲೆ ಅಂಚು ಕಪ್ಪಾಗುತ್ತಿದೆ, ವಾರದೊಳಗೆ ಬಿಸ್ಕತ್ತು ಮೆತ್ತಗಾಗುತ್ತಿದೆ. ಏನು ಮಾಡಬೇಕು? ಪ್ಯಾಕೆಟ್ ಮೇಲೆ ‘ಸಕ್ಕರೆ ಸೇರಿಸಿಲ್ಲ’ ಎಂದು ಹಾಕಬಹುದೇ?

ಉತ್ತರ: ಎರಡೂ ತೊಂದರೆಯ ಮೂಲ ಒಂದೇ. ಸಕ್ಕರೆ ಎಂದರೆ ಸುಕ್ರೋಸ್; ಬೆಂದು ಆರಿದಾಗ ಅದು ಬಿರುಸಾಗಿ ಗರಿಗರಿ ಕೊಡುತ್ತದೆ. ಸಿರಪ್‌ನಲ್ಲಿರುವುದು ಬಹುಪಾಲು ಗ್ಲೂಕೋಸ್, ಫ್ರಕ್ಟೋಸ್. ಫ್ರಕ್ಟೋಸ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಎರಡೂ ಹಿಟ್ಟಿನ ಪ್ರೋಟೀನ್ ಜೊತೆ ಸೇರಿ ಬೇಗ ಕಂದಾಗುತ್ತವೆ. ಹಾಗಾಗಿ ಗರಿಗರಿ ಬಿಸ್ಕತ್ತಿಗೆ ಪೂರ್ತಿ ಸಿರಪ್ ಒಗ್ಗುವುದಿಲ್ಲ. ಲಾಡು, ಕೇಕ್, ಗ್ರಾನೋಲಾ ಬಾರ್‌ಗಾದರೆ ಅದೇ ಗುಣ ವರ.

ಅರ್ಧ ಸಿಹಿ ಬೆಲ್ಲದ ಪುಡಿಯಿಂದ ಬರಲಿ. ಅದರಲ್ಲೂ ಸುಕ್ರೋಸೇ ಹೆಚ್ಚು. ಕೆ.ಜಿ. ಹಿಟ್ಟಿಗೆ 400 ಗ್ರಾಂ ಸಕ್ಕರೆ ಹಾಕುತ್ತಿದ್ದರೆ 200 ಗ್ರಾಂ ಬೆಲ್ಲದ ಪುಡಿ, 250 ಗ್ರಾಂ ಸಿರಪ್ ಹಾಕಿ ನೋಡಿ. 72 ಬ್ರಿಕ್ಸ್‌ನ (ಅಂದರೆ ನೂರು ಗ್ರಾಂನಲ್ಲಿ ಸುಮಾರು 72 ಗ್ರಾಂ ಸಕ್ಕರೆ ಅಂಶವಿರುವ) ಸಿರಪ್ ಆದರೆ ಈ 250 ಗ್ರಾಂ ಜೊತೆಗೆ ಸುಮಾರು 70 ಗ್ರಾಂ ನೀರೂ ಬರುತ್ತದೆ. ಹಾಲು ಅಥವಾ ನೀರನ್ನು ಅಷ್ಟು ಕಡಿಮೆ ಮಾಡಲೇಬೇಕು. ಬಹಳ ಜನ ಎಡವುವುದು ಇಲ್ಲೇ.

ಓವನ್ 180 ಡಿಗ್ರಿಯಲ್ಲಿದ್ದರೆ 160ಕ್ಕೆ ಇಳಿಸಿ, ಮೂರು ನಾಲ್ಕು ನಿಮಿಷ ಹೆಚ್ಚು ಬೇಯಿಸಿ. ಆಮೇಲೆ 110 ಡಿಗ್ರಿಯಲ್ಲಿ ಹತ್ತು ಹದಿನೈದು ನಿಮಿಷ ಒಣಗಿಸಿ. ಬಿಸ್ಕತ್ತು ಮುರಿದು ನೋಡಿ: ನಡುವೆ ಗಾಢ ಬಣ್ಣದ ಒದ್ದೆ ಗೆರೆ ಕಂಡರೆ ಇನ್ನೂ ಒಣಗಿಲ್ಲ. ಪೂರ್ತಿ ಆರಿದ ಮೇಲೆ, ಅದೇ ದಿನ, ಒಳಗೆ ಲೋಹದ ಪದರವಿರುವ ಪೌಚ್‌ಗೆ ತುಂಬಿ ಸೀಲ್ ಮಾಡಿ. ಸಿರಪ್ ಸ್ವಲ್ಪ ಹುಳಿ ಗುಣದ್ದು ಎಂದು ಅಡುಗೆ ಸೋಡಾ ಹೆಚ್ಚು ಸುರಿಯಬೇಡಿ. ಸೋಡಾ ಹೆಚ್ಚಿದಷ್ಟೂ ಬಣ್ಣ ಕಪ್ಪಾಗುತ್ತದೆ, ಸಾಬೂನಿನ ರುಚಿ ಬರುತ್ತದೆ.

ಸಿರಪ್ ನೀವೇ ಕಾಯಿಸುವುದಾದರೆ ಬ್ರಿಕ್ಸ್ ಅಳೆಯುವ ರಿಫ್ರಾಕ್ಟೋಮೀಟರ್ ಇಟ್ಟುಕೊಳ್ಳಿ. 70 ಬ್ರಿಕ್ಸ್ ದಾಟದ ಸಿರಪ್ ಹೊರಗಿಟ್ಟರೆ ಯೀಸ್ಟ್ ಬೆಳೆದು ಗುಳ್ಳೆ ಬರಬಹುದು, ಹುಳಿ ವಾಸನೆ ಹೊಡೆಯಬಹುದು, ಅಂಥದ್ದನ್ನು ಚೆಲ್ಲಿ. ತಳದಲ್ಲಿ ಸಕ್ಕರೆಯಂತೆ ಹರಳುಗಟ್ಟಿದರೆ ಅದು ಗ್ಲೂಕೋಸ್, ಕೆಟ್ಟಿದ್ದಲ್ಲ. ಡಬ್ಬಿಯನ್ನು 50 ಡಿಗ್ರಿ ಬಿಸಿನೀರಿನಲ್ಲಿಟ್ಟರೆ ಕರಗುತ್ತದೆ.

‘ಸಕ್ಕರೆ ಸೇರಿಸಿಲ್ಲ’ ಎಂದು ಹಾಕುವಂತಿಲ್ಲ. ಸಕ್ಕರೆಯ ಬದಲಿಗೆ ಸಕ್ಕರೆ ಅಂಶವಿರುವ ಬೇರೆ ಸಿಹಿ ಪದಾರ್ಥ ಬಳಸಿದರೂ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನಿಯಮ ಆ ಮಾತಿಗೆ ಒಪ್ಪುವುದಿಲ್ಲ. ಮಧುಮೇಹಿಗಳು ಆ ಸಾಲನ್ನು ನಂಬಿ ತಿನ್ನುತ್ತಾರೆ, ಸಿರಪ್‌ನ ಗ್ಲೂಕೋಸ್ ನೇರ ರಕ್ತಕ್ಕೆ ಹೋಗುತ್ತದೆ. ‘ಬೆಲ್ಲ ಮತ್ತು ಖರ್ಜೂರದ ಸಿಹಿ’ ಎಂದು ಹಾಕಿ, ಪದಾರ್ಥಗಳ ಪಟ್ಟಿಯಲ್ಲಿ ಎರಡನ್ನೂ ತೂಕದ ಇಳಿಕೆ ಕ್ರಮದಲ್ಲಿ ಬರೆಯಿರಿ.